ಹೆಚ್ಚಿದ ಬೀನ್ಸ್ ಪ್ಯಾಕೆಟ್: ಪಲ್ಯಕ್ಕೆ ಬೇಡ, ಸಾಗುವಿಗೆ ಪರವಾಗಿಲ್ಲ

ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ತರಕಾರಿ ತಂದುಕೊಡುವ ಆಪ್ ಒಂದರಲ್ಲಿ ‘ಹೆಚ್ಚಿದ ಬೀನ್ಸ್, 250 ಗ್ರಾಂ’ ಅಂತ ಪ್ಯಾಕೆಟ್ ಸಿಗುತ್ತದೆ. ಯಾವ ಆಪ್ ಅಂತ ಹೇಳುವುದಿಲ್ಲ, ಈಗ ಎಲ್ಲರೂ ಇದನ್ನು ಮಾರುತ್ತಾರೆ. ಈ ಏಪ್ರಿಲ್‌ನಲ್ಲಿ ಮೂರು ಸಲ ತರಿಸಿದೆ. ಎರಡು ಸಲ ಪಲ್ಯ ಮಾಡಿದೆ, ಒಂದು ಸಲ ಸಾಗು.

ಯಾಕೆ ತರಿಸಿದೆ ಅಂದರೆ ಸೆಕೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಬೆಳಗ್ಗೆ ಎಂಟಕ್ಕೇ ಅಡುಗೆಮನೆಯಲ್ಲಿ ಬೆವರು ಇಳಿಯುತ್ತದೆ. ಅನ್ನ, ತಿಳಿಸಾರು, ಮಜ್ಜಿಗೆ, ಪಕ್ಕಕ್ಕೆ ಒಂದು ಹಸಿರು ಪಲ್ಯ ಇದ್ದರೆ ಅವತ್ತಿನ ಊಟ ಮುಗಿಯಿತು. ಹುರುಳಿಕಾಯಿ ಪಲ್ಯ ಒಲೆ ಮೇಲೆ ಇರುವುದೇ ಹತ್ತು ನಿಮಿಷ. ಕೆಲಸ ಇರುವುದೆಲ್ಲ ತೊಟ್ಟು ಮುರಿದು, ನಾರು ತೆಗೆದು, ಸಣ್ಣಗೆ ಹೆಚ್ಚುವುದರಲ್ಲಿ. ಆ ಕೆಲಸವನ್ನು ಬೇರೆಯವರು ಮಾಡಿಕೊಟ್ಟರೆ ಬೇಡ ಅನ್ನಲು ನನಗೇನು ಹುಚ್ಚೇ?

ಮೊದಲು ದುಡ್ಡಿನ ಮಾತು. ಪ್ಯಾಕೆಟ್‌ಗೆ 55 ರೂಪಾಯಿ, ಅಂದರೆ ಕೆಜಿಗೆ 220. ಅದೇ ದಿನ ನಮ್ಮ ಬೀದಿಗೆ ಬಂದ ಗಾಡಿಯಲ್ಲಿ ಕೆಜಿಗೆ 120 ಇತ್ತು. ತೊಟ್ಟು, ತುದಿ, ನಾರು ಅಂತ ಕೆಜಿಗೆ ನೂರು ಗ್ರಾಂ ಹೋಯಿತು ಅಂತಲೇ ಇಟ್ಟುಕೊಳ್ಳಿ, ಆಗಲೂ ಲೆಕ್ಕ ಕೂಡುವುದಿಲ್ಲ. ಬೇಸಿಗೆಯಲ್ಲಿ ಬೀನ್ಸ್ ಹೇಗೂ ತುಟ್ಟಿ. ಬಿಸಿಲು ಜಾಸ್ತಿಯಾದರೆ ಹೂವು ಉದುರುತ್ತದೆ, ಕಾಯಿ ಕಚ್ಚುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ಬರುವ ಮಾಲು ಕಡಿಮೆಯಾದರೆ ಇಲ್ಲಿ ಬೆಲೆ ಏರುತ್ತದೆ. ಹೆಚ್ಚುವ ಕೂಲಿ ಅಂತ ಅದರ ಮೇಲೆ ಇನ್ನಷ್ಟು ಕೊಡುತ್ತೇನೆ ಅಂದರೆ ಕೊಡೋಣ, ಆದರೆ ಹೆಚ್ಚಿರುವುದು ಸರಿಯಾಗಿ ಇರಬೇಕಲ್ವಾ?

ಸರಿಯಾಗಿ ಇರಲಿಲ್ಲ.

ಮೊದಲ ಪ್ಯಾಕೆಟ್ ಬಿಚ್ಚಿದಾಗ ಒಳಗೆಲ್ಲ ನೀರು ಬೆವೆತಿತ್ತು. ಚೂರುಗಳ ಕೊಯ್ದ ಬದಿ ಕಂದು ಬಣ್ಣಕ್ಕೆ ತಿರುಗಿತ್ತು. ಒಂದು ಚೂರು ಕಾಲು ಇಂಚು, ಇನ್ನೊಂದು ಒಂದು ಇಂಚು, ನಡುವೆ ಎರಡು ಇಡೀ ತೊಟ್ಟು. ನಾರು ತೆಗೆದಿರಲೇ ಇಲ್ಲ. ಬಲಿತ ಕಾಯಿಗಳ ಒಳಗಿಂದ ಬೀಜ ಕಳಚಿ ತಳದಲ್ಲಿ ಬಿದ್ದಿತ್ತು. ಇಡೀ ಕಾಯಾದರೆ ಕೈಗೆ ತೆಗೆದುಕೊಂಡ ತಕ್ಷಣ ಇದು ಎಳೆಯದು, ಇದು ಬಲಿತದ್ದು ಅಂತ ಗೊತ್ತಾಗುತ್ತದೆ. ಹೆಚ್ಚಿಬಿಟ್ಟರೆ ಆ ಗುರುತೇ ಹೋಗುತ್ತದೆ. ನನ್ನ ಅನುಮಾನ, ಇಡಿಯಾಗಿ ಮಾರಿದರೆ ಯಾರೂ ಮುಟ್ಟದ ಕಾಯಿಗಳೇ ಹೆಚ್ಚಿ ಪ್ಯಾಕೆಟ್‌ಗೆ ಬರುತ್ತವೆ. ಸಾಬೀತು ಮಾಡೋಕೆ ಆಗಲ್ಲ, ಆದರೆ ಮೂರು ಪ್ಯಾಕೆಟ್‌ನಲ್ಲೂ ಇದೇ ಕಥೆ.

ಪ್ಯಾಕೆಟ್ ಮೇಲೆ ‘ತೊಳೆದಿದೆ, ನೇರ ಬಳಸಿ’ ಅಂತ ಬರೆದಿದೆ. ನೇರ ಅಂದರೆ ನೇರ ಬಾಣಲೆಗೆ, ಬಾಯಿಗಲ್ಲ. ಬೇಸಿಗೆ ಅಂತ ಸೌತೆಕಾಯಿ ಕೋಸಂಬರಿಗೆ ಹಸಿ ಬೀನ್ಸ್ ಬೆರೆಸುವವರನ್ನು ನೋಡಿದ್ದೇನೆ. ಬೇಡಿ. ಹಸಿ ಬೀನ್ಸ್‌ನಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್ ಇರುತ್ತದೆ. ಚೆನ್ನಾಗಿ ಬೇಯಿಸಿದರೆ ಅದರ ತೊಂದರೆ ಇರುವುದಿಲ್ಲ.

ಇನ್ನು ಪಲ್ಯ. ನಾನು ಮಾಡುವುದು ಹಳೇ ಮೈಸೂರು ಕಡೆಯ ರೀತಿ. ಎರಡು ಚಮಚ ಎಣ್ಣೆ, ಸಾಸಿವೆ, ಒಂದೊಂದು ಚಮಚ ಉದ್ದಿನಬೇಳೆ, ಕಡಲೆಬೇಳೆ, ಮುರಿದ ಬ್ಯಾಡಗಿ ಮೆಣಸಿನಕಾಯಿ ಎರಡು, ಕರಿಬೇವು, ಇಂಗು. ಬೇಳೆ ಕೆಂಪಗಾದ ಮೇಲೆ ಕಾಲು ಕೆಜಿ ಹುರುಳಿಕಾಯಿ ಹಾಕಿ, ಎರಡು ನಿಮಿಷ ಬಾಡಿಸಿ, ಉಪ್ಪು ಹಾಕಿ, ಕೈಯಲ್ಲಿ ನೀರು ಚಿಮುಕಿಸಿ ಬೇಯಿಸುವುದು. ಮುಚ್ಚಳ ಪೂರ್ತಿ ಮುಚ್ಚಬಾರದು. ತರಕಾರಿಯಿಂದ ಹೊರಡುವ ಹುಳಿ ಅಂಶ ಆವಿಯ ಜೊತೆ ಹೊರಗೆ ಹೋಗದೆ ಒಳಗೇ ಸುತ್ತಿದರೆ ಹಸಿರು ಬಣ್ಣ ಹೋಗಿ ಸೈನಿಕರ ಸಮವಸ್ತ್ರದ ಬಣ್ಣ ಬರುತ್ತದೆ. ಅದಕ್ಕೇ ನಿಂಬೆರಸವನ್ನೂ ಒಲೆ ಆರಿಸಿದ ಮೇಲೇ ಹಿಂಡಬೇಕು. ಬಣ್ಣ ಉಳಿಯಲಿ ಅಂತ ಚಿಟಿಕೆ ಸೋಡಾ ಹಾಕುವವರಿದ್ದಾರೆ. ಬಣ್ಣವೇನೋ ಉಳಿಯುತ್ತದೆ, ಕಾಯಿ ಮಾತ್ರ ಮೆತ್ತಗಾಗಿ ಬಾಯಲ್ಲಿ ಸಪ್ಪೆ ಅನಿಸುತ್ತದೆ. ಕೊನೆಗೆ ಒಂದು ಹಿಡಿ ತೆಂಗಿನತುರಿ. ಬೇಕಿದ್ದರೆ ಚೂರು ಬೆಲ್ಲ, ಕರಾವಳಿಯವರಾದರೆ ಎಣ್ಣೆಯೂ ತೆಂಗಿನದೇ.

ಎಲ್ಲ ಚೂರೂ ಒಂದೇ ಅಳತೆ ಇದ್ದರೆ ಮಾತ್ರ ಈ ಅಡುಗೆ ಕೂಡಿಬರುತ್ತದೆ. ಪ್ಯಾಕೆಟ್‌ನ ಕಾಲಿಂಚಿನ ಚೂರು ಐದು ನಿಮಿಷಕ್ಕೆ ಮುದ್ದೆಯಾಯಿತು, ಒಂದು ಇಂಚಿನದು ಹತ್ತು ನಿಮಿಷವಾದರೂ ಹಲ್ಲಿಗೆ ಗಟ್ಟಿ. ಅದು ಬೇಯಲಿ ಅಂತ ಇನ್ನಷ್ಟು ನೀರು ಹಾಕಿದೆ, ಕಡಲೆಬೇಳೆ ನೆನೆದು ಗರಿಗರಿ ಹೋಯಿತು. ನಮ್ಮ ಅತ್ತೆ ಒಂದು ತುತ್ತು ತಿಂದು, ಬಾಯಿಂದ ಉದ್ದನೆಯ ನಾರು ಎಳೆದು ತಟ್ಟೆ ಅಂಚಿಗೆ ಇಟ್ಟು, “ಹೆಚ್ಚಿದ್ದು ಯಾರಮ್ಮ?” ಅಂದರು. ನಾನಲ್ಲ ಅತ್ತೆ ಅಂದೆ. ಸಮಾಧಾನ ಆಯಿತೋ ಇಲ್ಲವೋ ಗೊತ್ತಿಲ್ಲ, ಸಾರು ಬಡಿಸಿಕೊಂಡರು.

ಎರಡನೇ ಸಲ ಬುದ್ಧಿ ಉಪಯೋಗಿಸಿ, ಪ್ಯಾಕೆಟ್ ಚೂರುಗಳನ್ನು ಮಣೆ ಮೇಲೆ ಸುರಿದು ದೊಡ್ಡವನ್ನೆಲ್ಲ ಮತ್ತೆ ಹೆಚ್ಚಿ, ಸಿಕ್ಕಷ್ಟು ನಾರು ಎಳೆದು ಮಾಡಿದೆ. ಪಲ್ಯ ಪರವಾಗಿಲ್ಲ ಅನ್ನುವ ಹಾಗಿತ್ತು. ಆದರೆ ಅದಕ್ಕೆ ಹನ್ನೆರಡು ನಿಮಿಷ ಹಿಡಿಯಿತು. ಕಾಲು ಕೆಜಿ ಇಡೀ ಹುರುಳಿಕಾಯಿಯನ್ನು ನಾನು ಹತ್ತು ನಿಮಿಷದಲ್ಲಿ ಹೆಚ್ಚುತ್ತೇನೆ! ಐದಾರು ಕಾಯಿ ಜೋಡಿಸಿ ಹಿಡಿದು, ಎರಡೂ ತುದಿ ಕತ್ತರಿಸಿ, ಒಟ್ಟಿಗೆ ಹೆಚ್ಚುತ್ತಾ ಹೋದರೆ ಆಯಿತು.

ಮೂರನೇ ಪ್ಯಾಕೆಟ್ ಸಾಗುವಿಗೆ ಹಾಕಿದೆ. ಅಲ್ಲಿ ತಕರಾರಿಲ್ಲ. ಆಲೂಗಡ್ಡೆ, ಕ್ಯಾರೆಟ್, ಬಟಾಣಿ ಜೊತೆ ಕುಕ್ಕರ್‌ನಲ್ಲಿ ಕೂಗಿಸಿ, ಕಾಯಿ, ಕೊತ್ತಂಬರಿ, ಹುರಿಗಡಲೆ ರುಬ್ಬಿ ಹಾಕಿದ ಮೇಲೆ ಯಾವ ಚೂರು ಎಷ್ಟುದ್ದ ಇತ್ತು ಅಂತ ಯಾರು ಅಳೆಯುತ್ತಾರೆ? ತರಕಾರಿ ಪಲಾವಿಗೂ ನಡೆದೀತು.

ಹಾಗಾದರೆ ಬೇಸಿಗೆಯಲ್ಲಿ ಪಲ್ಯಕ್ಕೆ ಎಲ್ಲಿಂದ ತರುವುದು? ನಾನು ಮತ್ತೆ ಹಾಪ್‌ಕಾಮ್ಸ್‌ಗೆ ಹೋಗಲು ಶುರು ಮಾಡಿದ್ದೇನೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದು, ಆಮೇಲೆ ಎಲ್ಲ ಹಣ್ಣು ತರಕಾರಿಗೂ ಹಬ್ಬಿತು. ಮಳಿಗೆಯಲ್ಲಿ ದರದ ಬೋರ್ಡ್ ಇರುತ್ತದೆ, ಚೌಕಾಸಿ ಮಾಡುವ ತಾಪತ್ರಯವಿಲ್ಲ. ಅಲ್ಲಿಗೆ ಹೋಗಲು ಆಗದ ದಿನ ಗಾಡಿ. “ಮುರಿದು ನೋಡಿ ಅಕ್ಕ” ಅಂತ ಗಾಡಿಯವರೇ ಹೇಳುತ್ತಾರೆ. ಟಪ್ ಅಂತ ಮುರಿದರೆ ತಾಜಾ, ಬಳುಕಿದರೆ ಬೇಡ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ಸುವಿಧಾ ಅಂತ ನಾರಿಲ್ಲದ ತಳಿಯೇ ಇದೆ, ಆದರೆ ಅಂಗಡಿಯಲ್ಲಿ ತಳಿ ಹೆಸರು ಹೇಳಿ ಯಾರೂ ಮಾರುವುದಿಲ್ಲವಲ್ಲ, ಮುರಿದೇ ನೋಡಬೇಕು. ಮನೆಗೆ ತಂದ ಮೇಲೆ ಫ್ರಿಜ್‌ನ ತೀರಾ ತಣ್ಣಗಿರುವ ಜಾಗದಲ್ಲಿ ಇಡಬೇಡಿ. ಜಾಸ್ತಿ ತಣ್ಣಗಾದರೆ ಎರಡು ಮೂರು ದಿನದಲ್ಲಿ ಬೀನ್ಸ್ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಬೀಳುತ್ತದೆ. ಬಟ್ಟೆ ಚೀಲದಲ್ಲಿ ಸುತ್ತಿ ತರಕಾರಿ ಡಬ್ಬದಲ್ಲಿಟ್ಟರೆ ಸಾಕು.

ಪ್ಯಾಕೆಟ್‌ಗೆ ನನ್ನ ಕಡೆಯಿಂದ 5ಕ್ಕೆ 2. ಒಂದು ಅಂಕ ಸಾಗುವಿಗೆ, ಇನ್ನೊಂದು ನಾನು ಫೋಟೊ ಕಳಿಸಿದ ಮೇಲೆ ಮೊದಲ ಪ್ಯಾಕೆಟ್‌ನ 55 ರೂಪಾಯಿಯನ್ನು ತಕರಾರಿಲ್ಲದೆ ವಾಪಸ್ ಕೊಟ್ಟದ್ದಕ್ಕೆ. ಕೈ ನೋವು ಇರುವವರು, ಚಾಕು ಹಿಡಿಯಲು ಆಗದ ವಯಸ್ಸಾದವರು ತರಿಸಿಕೊಂಡರೆ ನಾನು ಬೇಡ ಅನ್ನುವುದಿಲ್ಲ, ಬೆಳಗ್ಗೆ ಬೇಗ ತರಿಸಿ, ಪ್ಯಾಕ್ ಮಾಡಿದ ತಾರೀಖು ನೋಡಿ, ಅವತ್ತೇ ಬೇಯಿಸಿಬಿಡಿ.