ಐದು ಬ್ಲೌಸ್‌ನಿಂದ ಒಂದು ಬ್ಲೌಸ್‌ಗೆ ಇಳಿದ ಔಷಧಿ ಖರ್ಚು

ನಮ್ಮತ್ತೆಗೆ ಬಿಪಿ, ಶುಗರ್ ಎರಡೂ ಇದೆ. ಮೇಲೆ ಕೊಲೆಸ್ಟ್ರಾಲ್ ಮಾತ್ರೆ ಬೇರೆ. ತಿಂಗಳಿಗೆ 1,180 ರೂಪಾಯಿ ಆಗುತ್ತಿತ್ತು. ನಾನು ಹೊಲಿಗೆಯವಳು. ಸಾದಾ ಬ್ಲೌಸ್‌ಗೆ 250 ತಗೋತೀನಿ. ಹತ್ತಿರ ಹತ್ತಿರ ಐದು ಬ್ಲೌಸ್ ಹೊಲಿದ ದುಡ್ಡು ಸೀದಾ ಮೆಡಿಕಲ್ ಸ್ಟೋರಿಗೇ ಹೋಗುತ್ತಿತ್ತು.

ಎರಡು ವರ್ಷದಿಂದ ತುಮಕೂರಿನ ಬಿ.ಎಚ್. ರಸ್ತೆಯ ಒಳಗಡೆ ಇರುವ ಒಂದು ಜನೌಷಧಿ ಕೇಂದ್ರದಿಂದ (ಕೇಂದ್ರ ಸರ್ಕಾರದ ಯೋಜನೆಯ ಅಗ್ಗದ ಔಷಧಿ ಅಂಗಡಿ) ತರುತ್ತಿದ್ದೇನೆ. ಈಗ 270 ಆಗುತ್ತದೆ. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್ 40, ಹತ್ತು ಮಾತ್ರೆಯ ಶೀಟಿಗೆ 12 ರೂಪಾಯಿ. ಮೊದಲ ದಿನ ಹುಡುಗ ಏನೋ ಬಿಟ್ಟಿದ್ದಾನೆ ಅಂತ ಎರಡೆರಡು ಸಲ ಎಣಿಸಿದೆ. ಓದಲು ಬಾರದವರಿಗೆ ಅವನು ಶೀಟಿನ ಹಿಂದೆ ಪೆನ್ನಲ್ಲಿ ಗೆರೆ ಎಳೆದು ಕೊಡುತ್ತಾನೆ. ಬೆಳಗ್ಗೆಗೆ ಒಂದು ಗೆರೆ, ರಾತ್ರಿಗೆ ಎರಡು.

ಅತ್ತೆ ಮೊದಲು ಮುಟ್ಟಲೇ ಇಲ್ಲ. ಹಳೇ ಮಾತ್ರೆ ಗುಲಾಬಿ, ಇದು ಬಿಳಿ. "ಅಗ್ಗದ್ದು ಕಣಮ್ಮ, ಕಾಯ್ಲೆ ಕೇಳಲ್ಲ" ಅಂದರು. ಶೀಟು ತಗೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಔಷಧಿ ಅದೇ, ಕಂಪನಿ ಬೇರೆ ಅಷ್ಟೇ ಅಂದರು. ತಿಂಗಳು ಬಿಟ್ಟು ನೋಡಿದರೆ ಬಿಪಿ 130/80. ಈಗ ಬೀದಿಗೆಲ್ಲ ಅತ್ತೆಯೇ ಅಂಗಡಿ ದಾರಿ ಹೇಳುತ್ತಾರೆ.

2025ರ ಮೇ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆ ಆವರಣದ ಜನೌಷಧಿ ಕೇಂದ್ರ ಮುಚ್ಚಿ ಅಂತ ರಾಜ್ಯ ಸರ್ಕಾರ ಆದೇಶ ಮಾಡಿದಾಗ ಎದೆ ಧಸಕ್ ಅಂದಿತ್ತು. ಆಸ್ಪತ್ರೆಯಲ್ಲೇ ಪುಕ್ಕಟೆ ಔಷಧಿ ಕೊಡುವಾಗ ಪಕ್ಕದಲ್ಲಿ ಅಂಗಡಿ ಯಾಕೆ ಅನ್ನೋದು ಅವರ ವಾದ. ಮಾತು ಸರೀನೇ. ಆದರೆ ಕ್ಯೂನಲ್ಲಿ ಅರ್ಧ ದಿನ ಹೋದರೆ ನನ್ನ ಎರಡು ಬ್ಲೌಸ್ ಹೋದ ಹಾಗೆ. ನಮ್ಮದು ಹೊರಗಿನ ಅಂಗಡಿ, ಸದ್ಯ.

ಬೀರುವಿನಲ್ಲಿ ಆಯುಷ್ಮಾನ್ ಕಾರ್ಡ್ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಅದು ಆಸ್ಪತ್ರೆಗೆ ಸೇರಿದರೆ ಮಾತ್ರ. ಬಿಪಿ ಏರಿ ಲಕ್ವ ಹೊಡೆದರೆ ಲಕ್ಷ ಕೊಡುತ್ತಾರೆ, ಹೊಡೆಯದ ಹಾಗೆ ನೋಡಿಕೊಳ್ಳುವ 12 ರೂಪಾಯಿ ಶೀಟಿಗೆ ನಮ್ಮ ಕೈಯಿಂದಲೇ ಹಾಕಬೇಕು. ಇದ್ಯಾವ ಲೆಕ್ಕ ಅಂತ!

ಅಂಗಡಿಯ ಮೇಲೆ ಒಂದೇ ಸಿಟ್ಟು, ಸ್ಟಾಕ್. ಶುಗರ್ ಮಾತ್ರೆ ಕೇಳಿದರೆ "ಸೋಮವಾರ ಬನ್ನಿ". ಸೋಮವಾರ ಹೋದರೆ "ಗುರುವಾರ ಬರುತ್ತೆ ಅಕ್ಕ". ಈ ವರ್ಷ ಎರಡು ಸಲ ಹೀಗಾಗಿ ಹೊರಗೆ ದುಬಾರಿ ಕೊಟ್ಟು ತಂದಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್. ಹೋಗುವವರು ಕೊನೇ ಶೀಟು ಒಡೆದ ದಿನವೇ ಹೋಗಿ. ಮಧ್ಯಾಹ್ನ ಬೇಡ, ಊಟಕ್ಕೆ ಬಾಗಿಲು ಹಾಕಿರುತ್ತಾರೆ.