ಕುಂಬಳೆಯ ಹಳೆ ಸೈಕಲ್ ಅಂಗಡಿ, ಒಂದು ಕ್ರೋಮೊಲಿ ಫ್ರೇಮ್

ಕುಂಬಳೆ ಪೇಟೆಯ ಒಳರಸ್ತೆಯ ಈ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಗಲ್ಫಿನಿಂದ ಬಂದ ಸೈಕಲ್‌ಗಳೇ ಜಾಸ್ತಿ. ನಾನು ತಗೊಂಡದ್ದು 1990ರ ದಶಕದ ಸ್ಪೆಷಲೈಸ್ಡ್ ಕಂಪೆನಿಯ ರಾಕ್‌ಹಾಪರ್ ಎಂಬ ಮೌಂಟನ್ ಬೈಕಿನ ಫ್ರೇಮ್, ಫೋರ್ಕ್ ಸಮೇತ. ಅಂಗಡಿಯ ಇಕ್ಕ ಹೇಳಿದ್ದು 6,000 ರೂಪಾಯಿ, ಮುಗಿದದ್ದು 4,500ಕ್ಕೆ.

ಹಳೆ ಸ್ಟೀಲ್ ಎಂದ ಕೂಡಲೇ ದುಡ್ಡು ಬಿಚ್ಚಬೇಡಿ. ಮೊದಲು ಸೀಟ್ ಪೋಸ್ಟ್ (ಸೀಟನ್ನು ಹೊತ್ತು ಫ್ರೇಮಿನೊಳಗೆ ಇಳಿಯುವ ಕೊಳವೆ) ಅಳೆಯಿರಿ. ಹೊರಗಿನಿಂದ 28.6 ಮಿ.ಮೀ. ಇರುವ ಪೈಪಿನೊಳಗೆ 27.2 ಅಥವಾ 26.8ರ ಪೋಸ್ಟ್ ಕೂತರೆ ಪೈಪಿನ ಗೋಡೆ ತೆಳು, ಅಂದರೆ ಒಳ್ಳೆ ಕ್ರೋಮೊಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಗಟ್ಟಿ ಉಕ್ಕು) ಇರಬಹುದು. 25.4ರದ್ದಾದರೆ ದಪ್ಪ ಗೋಡೆಯ ಅಗ್ಗದ ಉಕ್ಕು, ಹೊರಲಾರದಷ್ಟು ಭಾರ. ಸ್ಟಿಕ್ಕರ್ ನಂಬಬೇಡಿ, ಅದನ್ನು ಯಾರು ಬೇಕಾದರೂ ಅಂಟಿಸಬಹುದು ಅಲ್ವಾ?

ನಮ್ಮ ಕಡಲ ಗಾಳಿಗೆ ಇನ್ನೊಂದು ಪರೀಕ್ಷೆ ಬೇಕೇ ಬೇಕು. ಪೋಸ್ಟ್ ತಿರುಗುತ್ತದಾ ನೋಡಿ. ಅಲ್ಯೂಮಿನಿಯಂ ಪೋಸ್ಟ್ ಉಪ್ಪಿನ ತೇವಕ್ಕೆ ಸ್ಟೀಲಿನೊಳಗೆ ಕಚ್ಚಿಕೊಂಡರೆ ಬಿಡಿಸಲು ಗರಗಸವೇ ಗತಿ. ಬಾಟಮ್ ಬ್ರಾಕೆಟ್ (ಪೆಡಲ್ ತಿರುಗುವ ಅಚ್ಚು) ಬಿಚ್ಚಿಸಿ ಒಳಗೆ ಟಾರ್ಚ್ ಹಾಕಿ. ಕೆಂಪು ಪುಡಿ ಪರವಾಗಿಲ್ಲ, ಪದರ ಪದರವಾಗಿ ಕಿತ್ತು ಬಂದರೆ ಸುಮ್ನೆ ನಡೆಯಿರಿ. ಹೆಡ್ ಟ್ಯೂಬಿನ (ಹ್ಯಾಂಡಲ್ ಕೆಳಗಿನ ಗಿಡ್ಡ ಪೈಪ್) ಹಿಂದೆ ಪೇಂಟ್ ಸುಕ್ಕಾಗಿದ್ದರೆ ಎಲ್ಲೋ ಗುದ್ದಿದೆ.

ನನ್ನ ಫ್ರೇಮಿನಲ್ಲಿ ಹಿಂದಿನ ಚಕ್ರದ ಹಬ್ (ನಡುವಿನ ಗುಂಬ) ಕೂರುವ ಅಗಲ 135 ಮಿ.ಮೀ., ಹಾಗಾಗಿ 26 ಇಂಚಿನ ಸಾದಾ ಚಕ್ರ ಸಿಗುತ್ತದೆ. ಹಳೆ ಕ್ಯಾಂಟಿಲಿವರ್ ಬ್ರೇಕಿನ ಗೂಟಕ್ಕೆ ವಿ-ಬ್ರೇಕ್ ಕೂರುತ್ತದೆ.

ಅಂಗಡಿಗೆ ಒಂದು ದೂರು: ಮೂಲ ಪೇಂಟ್ ಉಜ್ಜಿ ಹೊಸ ಬಣ್ಣ ಹೊಡೆಯುತ್ತಾರೆ. ಸಂಗ್ರಹ ಮಾಡುವವರಿಗೆ ಅಲ್ಲೇ ಬೆಲೆ ಬಿತ್ತು. ನನಗೆ ಓಡಿಸಲಿಕ್ಕೆ, ಹಾಗಾಗಿ ಆ ನೆಪದಲ್ಲೇ ಚೌಕಾಸಿ ಮಾಡಿದೆ.