ಕತ್ತರಿಸಿ ಒಂದರ ಮೇಲೊಂದು ಇಟ್ಟು ನೋಡಿ: ಜಾಮಿಟ್ರಿ ಬಾಕ್ಸ್, ಕೆಲವು ವರ್ಷ ಬಳಸಿದ ಮೇಲೆ

ಏಳರಿಂದ ಒಂಬತ್ತನೇ ತರಗತಿವರೆಗಿನ ಮಕ್ಕಳಿಗೆ ಸಂಜೆ ಹೊತ್ತು ಮನೆಯಲ್ಲೇ ಗಣಿತ ಹೇಳಿಕೊಡುತ್ತೇನೆ. ತ್ರಿಭುಜದ ಪಾಠಕ್ಕೆ ಬೇಕು ಅಂತಲೇ 100 ರೂಪಾಯಿ ಆಸುಪಾಸಿನ ತಗಡಿನ ಜಾಮಿಟ್ರಿ ಬಾಕ್ಸ್‌ಗಳನ್ನು ಒಟ್ಟಿಗೆ ತಂದಿಟ್ಟಿದ್ದೆ. ಎಲ್ಲವೂ ಒಂದೇ ಕಂಪನಿಯವು. ಕೆಲವು ವರ್ಷಗಳಿಂದ ಅವೇ ಕೈಯಿಂದ ಕೈಗೆ ಓಡಾಡುತ್ತಿವೆ. ಕಂಪನಿ ಹೆಸರು ಇಲ್ಲಿ ಬೇಡ. ಈ ಬೆಲೆಯ ಡಬ್ಬಿಗಳಲ್ಲಿ ಹೆಚ್ಚುಕಡಿಮೆ ಇದೇ ಇರುತ್ತದೆ: ಕೈವಾರ, ಡಿವೈಡರ್, ಕೋನಮಾಪಕ, ಎರಡು ಮೂಲೆಪಟ್ಟಿ (ಸೆಟ್ ಸ್ಕ್ವೇರ್), 15 ಸೆಂ.ಮೀ. ಸ್ಕೇಲ್, ಗಿಡ್ಡ ಪೆನ್ಸಿಲ್, ರಬ್ಬರ್, ಮೆಂಡರ್.

ಡಬ್ಬಿ ಚೆನ್ನಾಗಿದೆಯಾ ಅಂತ ನೋಡಲು ನನ್ನದು ಒಂದೇ ಪರೀಕ್ಷೆ. ಇಬ್ಬರು ಮಕ್ಕಳನ್ನು ದೂರ ದೂರ ಕೂರಿಸಿ, 5, 6, 7 ಸೆಂ.ಮೀ. ಬಾಹುಗಳ ತ್ರಿಭುಜ ಬರೆಯಲು ಹೇಳುತ್ತೇನೆ. ಆಮೇಲೆ ಎರಡನ್ನೂ ಕತ್ತರಿಸಿ ಒಂದರ ಮೇಲೊಂದು ಇಡುವುದು. ಮೂರೂ ಬಾಹು ಒಂದೇ ಆದ ಮೇಲೆ ತ್ರಿಭುಜಕ್ಕೆ ಬೇರೆ ಆಕಾರ ತಾಳಲು ಜಾಗವೇ ಇಲ್ಲ. ಬಾಬಾಬಾ (ಬಾಹು-ಬಾಹು-ಬಾಹು) ನಿಯಮ ಹೇಳುವುದು ಅದನ್ನೇ. ಬೇಕಾದರೆ ತಿರುಗಿಸಬೇಕು, ಮಗುಚಬೇಕು, ಆದರೆ ಕೂರಲೇಬೇಕು. "ಮಿಸ್, ನಂದು ಸ್ವಲ್ಪ ಹೊರಗೆ ಬರ್ತಿದೆ" ಅಂತ ಮಗು ಹೇಳಿದರೆ, ಕೈ ಪಳಗಿದ ಮಗುವಾಗಿದ್ದರೆ, ನಾನು ಮೊದಲು ನೋಡುವುದು ಕೈವಾರವನ್ನು.

ಈ ಡಬ್ಬಿಯಲ್ಲಿ ಗೆದ್ದಿರುವುದೂ ಕೈವಾರವೇ. ಕೀಲು ಈಗಲೂ ಬಿಗಿಯಾಗಿದೆ. ತೆರೆದರೆ ತೆರೆದಷ್ಟೇ ನಿಲ್ಲುತ್ತದೆ. ಕೊಳ್ಳುವ ಮುಂಚೆ ಇದನ್ನು ಅಂಗಡಿಯಲ್ಲೇ ನೋಡಬಹುದು. ಒಂದು ವೃತ್ತ ಎಳೆಯಿರಿ. ಅಳತೆ ಬದಲಿಸದೆ ಪರಿಧಿಯ ಮೇಲೆ ಒಂದು ಕಡೆ ಸೂಜಿ ಇಟ್ಟು, ಅಲ್ಲಿಂದ ಹೆಜ್ಜೆ ಹಾಕಿದ ಹಾಗೆ ಗುರುತು ಮಾಡುತ್ತಾ ಹೋಗಿ. ಆರನೇ ಗುರುತು ಹೊರಟ ಜಾಗಕ್ಕೇ ಬಂದು ಬೀಳಬೇಕು. ಪ್ರತಿ ಹೆಜ್ಜೆಯಲ್ಲೂ ಹುಟ್ಟುವುದು ಒಂದು ಸಮಬಾಹು ತ್ರಿಭುಜ. ಅದರ ಕೋನ 60 ಡಿಗ್ರಿ, ಆರು ಸೇರಿದರೆ 360. ಕೀಲು ಸಡಿಲ ಇದ್ದರೆ ಪ್ರತಿ ಹೆಜ್ಜೆಯ ತಪ್ಪು ಮುಂದಿನದಕ್ಕೆ ಸೇರುತ್ತಾ ಹೋಗಿ, ಕೊನೆಗೆ ಕಣ್ಣಿಗೆ ಕಾಣುವಷ್ಟು ಅಂತರ ಉಳಿಯುತ್ತದೆ. ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ ಗ್ರಂಥದ ಮೊದಲ ಪ್ರಮೇಯದಲ್ಲಿ ಮಾಡುವುದೂ ಸಮಬಾಹು ತ್ರಿಭುಜವನ್ನೇ. ಕ್ರಿಸ್ತಪೂರ್ವ 300ರ ಆಸುಪಾಸಿನ ಮಾತು. ಆದರೆ ಅವನ ಲೆಕ್ಕದಲ್ಲಿ ಕೈವಾರ ಹಾಳೆಯಿಂದ ಎತ್ತಿದ ಕೂಡಲೇ ಅಳತೆ ಬಿಟ್ಟುಬಿಡುತ್ತದೆ. ಹಾಗಾಗಿ ಒಂದು ಉದ್ದವನ್ನು ಇನ್ನೊಂದು ಕಡೆಗೆ ಒಯ್ಯುವುದು ಹೇಗೆ ಅಂತ ಎರಡನೇ ಪ್ರಮೇಯದಲ್ಲೇ ತೋರಿಸಿಕೊಟ್ಟ. ಓದಲು ಬಹಳ ಸೊಗಸಾದ ದಾರಿ ಅದು. ಏಳನೇ ತರಗತಿಯ ಮಗುವಿಗೆ ಮಾತ್ರ ಅಳತೆ ಹಿಡಿದು ನಿಲ್ಲುವ ಕೈವಾರವೇ ಬೇಕು.

ಕೈವಾರದ ಒಂದು ತೊಂದರೆ ಪೆನ್ಸಿಲ್ ಹಿಡಿಯುವ ಬಳೆಯದು. ಅದರ ಸ್ಕ್ರೂ ಬೇಗ ಸವೆಯಿತು. ಕಂಸ ಎಳೆಯುವಾಗ ಪೆನ್ಸಿಲ್ ಜಾರಿದರೆ ತ್ರಿಜ್ಯವೂ ಬದಲಾಗುತ್ತದೆ. ಪೆನ್ಸಿಲ್‌ಗೆ ಕಾಗದದ ಪಟ್ಟಿ ಸುತ್ತಿ ಸಿಕ್ಕಿಸಿದ ಮೇಲೆ ಸರಿಹೋಗಿದೆ.

ಕೋನಮಾಪಕ ನನಗೆ ಹಿಡಿಸಲಿಲ್ಲ. ಕಾರಣ ಹೇಳುತ್ತೇನೆ. ಬಾಕೋಬಾ (ಬಾಹು-ಕೋನ-ಬಾಹು, ಅಂದರೆ ಎರಡು ಬಾಹು ಮತ್ತು ಅವುಗಳ ನಡುವಿನ ಕೋನ) ಕಲಿಸುವಾಗ 6 ಸೆಂ.ಮೀ., 8 ಸೆಂ.ಮೀ., ನಡುವೆ 60 ಡಿಗ್ರಿ ಕೊಟ್ಟರೆ ಮೂರನೇ ಬಾಹು ಸುಮಾರು 7.2 ಸೆಂ.ಮೀ. ಬರುತ್ತದೆ. ಕೋನ ಬರೀ 1 ಡಿಗ್ರಿ ಜಾಸ್ತಿಯಾದರೂ ಅದು 7.3 ದಾಟುತ್ತದೆ. ಅಂದರೆ 1 ಮಿ.ಮೀ. ವ್ಯತ್ಯಾಸ. ಕತ್ತರಿಸಿ ಇಟ್ಟಾಗ ಅದು ಎದ್ದು ಕಾಣುತ್ತದೆ. ನಮ್ಮ ಡಬ್ಬಿಗಳ ಕೋನಮಾಪಕಗಳಲ್ಲಿ ಕೆಲವು ಈ ಪರೀಕ್ಷೆಯಲ್ಲಿ ಸೋತಿವೆ. ಗೆರೆಗಳನ್ನು ನಡುಬಿಂದುವಿಗೆ ಸರಿಯಾಗಿ ಮುದ್ರಿಸಿಲ್ಲ. ಪರೀಕ್ಷಿಸುವುದು ಸುಲಭ. ಒಂದು ಗೆರೆಯ ಮೇಲೆ ಕೋನಮಾಪಕ ಇಟ್ಟು 90ರ ಹತ್ತಿರ ಚುಕ್ಕೆ ಹಾಕಿ. ಆಮೇಲೆ ಅದನ್ನು ಮಗುಚಿ ಇಟ್ಟು ಮತ್ತೆ 90ಕ್ಕೆ ಹಾಕಿ. ಎರಡೂ ಒಂದೇ ನೇರಕ್ಕೆ ಬಂದರೆ ಸರಿ. ಬರದಿದ್ದರೆ ಇದ್ದ ತಪ್ಪು ಎರಡರಷ್ಟಾಗಿ ಕಾಣುತ್ತದೆ. ಅಂಕಿಗಳೂ ಬೆರಳು ತಾಗಿ ತಾಗಿ ಅಳಿಸಿಹೋಗುತ್ತಿವೆ. ಎರಡೂ ಕಡೆಯಿಂದ ಅಂಕಿ ಇರುವುದರಿಂದ 60 ಯಾವುದು, 120 ಯಾವುದು ಅಂತ ಮಕ್ಕಳಿಗೆ ಗೊಂದಲ. ಅಳೆಯುವ ಮುಂಚೆ "ಇದು ಲಘುಕೋನವಾ, ವಿಶಾಲಕೋನವಾ?" ಅಂತ ಕೇಳುವುದನ್ನು ಅಭ್ಯಾಸ ಮಾಡಿಸಿದ್ದೇನೆ. ಆ ಒಂದು ಪ್ರಶ್ನೆಗೇ ಗೊಂದಲ ಬಹಳ ಕಡಿಮೆಯಾಗುತ್ತದೆ.

ಬಾಕೋಬಾ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯಲು ಇನ್ನೊಂದು ಕಾರಣ ಇದೆ. ಒಂಬತ್ತನೇ ತರಗತಿಯಲ್ಲಿ ಅದನ್ನು ಸಾಧಿಸುವುದಿಲ್ಲ, ಸ್ವಯಂಸಿದ್ಧ ಅಂತ ಒಪ್ಪಿಕೊಂಡು ಮುಂದೆ ಹೋಗುತ್ತೇವೆ. ಉಳಿದ ನಿಯಮಗಳು ಅದರ ಮೇಲೆ ನಿಲ್ಲುತ್ತವೆ. ಹಾಗಿದ್ದಾಗ ಮಗು ಸುಮ್ನೆ ಬಾಯಿಪಾಠ ಮಾಡಿ ಒಪ್ಪುವುದಕ್ಕಿಂತ, ತನ್ನ ಕೈಯಲ್ಲೇ ಎರಡು ತ್ರಿಭುಜ ಕೂರಿಸಿ ಒಪ್ಪುವುದು ಒಳ್ಳೆಯದು, ಅಲ್ವಾ? ಅದಕ್ಕೆ ಉಪಕರಣ ನೆಟ್ಟಗಿರಬೇಕು.

ಇನ್ನು ಮೂಲೆಪಟ್ಟಿಗಳು. ಹೆಚ್ಚಿನ ಮಕ್ಕಳು ಇವನ್ನು ಡಬ್ಬಿಯಿಂದ ಹೊರಗೇ ತೆಗೆಯುವುದಿಲ್ಲ. ನನಗೆ ಇಡೀ ಡಬ್ಬಿಯಲ್ಲಿ ಅತಿ ಇಷ್ಟದ ವಸ್ತು ಇವೇ. ಎರಡೂ ಲಂಬಕೋನ ತ್ರಿಭುಜಗಳು. 45-45-90ರದ್ದು ಸಮದ್ವಿಬಾಹು, 30-60-90ರದ್ದು ಅಸಮಬಾಹು. ಬಾಹುವಿನ ಲೆಕ್ಕದ ವಿಂಗಡಣೆ ಬೇರೆ, ಕೋನದ ಲೆಕ್ಕದ ವಿಂಗಡಣೆ ಬೇರೆ ಅನ್ನುವುದು ಇವನ್ನು ಕೈಗೆ ಕೊಟ್ಟ ಕೂಡಲೇ ತಿಳಿಯುತ್ತದೆ. ಎರಡು ಡಬ್ಬಿಗಳಿಂದ 30-60-90ರ ಪಟ್ಟಿಗಳನ್ನು ತೆಗೆದು, ಒಂದನ್ನು ಮಗುಚಿ, ಲಂಬಕೋನದ ಉದ್ದ ಬಾಹುಗಳನ್ನು ಜೋಡಿಸಿ ಇಡಿ. ಕೆಳಗೆ 60, 60. ಮೇಲೆ 30 ಮತ್ತು 30 ಸೇರಿ 60. ಸಮಬಾಹು ತ್ರಿಭುಜ! ಅಂದ ಮೇಲೆ ಪಟ್ಟಿಯ ಚಿಕ್ಕ ಬಾಹು ವಿಕರ್ಣದ (ಲಂಬಕೋನದ ಎದುರಿನ ಬಾಹುವಿನ) ಅರ್ಧ ಇರಲೇಬೇಕು. ಮಕ್ಕಳು ಆಗ ತಾವಾಗಿಯೇ ಸ್ಕೇಲ್ ತೆಗೆದು ಅಳೆಯುತ್ತಾರೆ. ಸಮದ್ವಿಬಾಹು ತ್ರಿಭುಜದಲ್ಲಿ ಲಂಬ ಎಳೆದಾಗ ಎರಡು ಅರ್ಧಗಳು ಯಾಕೆ ಸರ್ವಸಮ (ಒಂದರ ಮೇಲೊಂದು ಸರಿಯಾಗಿ ಕೂರುವಂಥವು) ಅನ್ನುವುದಕ್ಕೂ ಇದೇ ಜೋಡಣೆ ಸಾಕು. ಲಂಬಕೋನ, ವಿಕರ್ಣ, ಮತ್ತೊಂದು ಬಾಹು, ಮೂರೂ ಅಲ್ಲೇ ಕಣ್ಣೆದುರಿಗಿವೆ.

ಬೇರೆ ಅಳತೆಯ ಡಬ್ಬಿಯೊಂದು ಮನೆಯಲ್ಲಿದ್ದರೆ ಅದರ 45ರ ಪಟ್ಟಿಯನ್ನೂ ತನ್ನಿ. ಮೂರು ಕೋನಗಳೂ ಒಂದೇ, ಆದರೆ ಒಂದು ಇನ್ನೊಂದರ ಒಳಗೇ ನಿಂತುಬಿಡುತ್ತದೆ. ಕೋನ-ಕೋನ-ಕೋನ ಸರ್ವಸಮತೆಗೆ ಯಾಕೆ ಸಾಲದು ಅಂತ ಇದಕ್ಕಿಂತ ಬೇಗ ಹೇಳಿಕೊಡಲು ನನಗೆ ಬೇರೆ ದಾರಿ ಸಿಕ್ಕಿಲ್ಲ.

ಕಷ್ಟದ ಪರೀಕ್ಷೆ ಇನ್ನೊಂದಿದೆ. "ಎರಡು ಬಾಹು, ಒಂದು ಕೋನ ಕೊಟ್ಟರೆ ಸಾಕಲ್ವಾ ಮಿಸ್? ಕೋನ ನಡುವೆಯೇ ಯಾಕಿರಬೇಕು?" ಅಂತ ಚುರುಕಾದ ಮಗು ಕೇಳಿಯೇ ಕೇಳುತ್ತದೆ. ಉತ್ತರ ಹೇಳಬೇಡಿ, ಬರೆಸಿ. ಕೋನ 30 ಡಿಗ್ರಿ. ಅದರ ಒಂದು ತೋಳಿನ ಮೇಲೆ 8 ಸೆಂ.ಮೀ. ಗುರುತು. ಆ ಗುರುತಿನಿಂದ 5 ಸೆಂ.ಮೀ. ಕಂಸ. ಕಂಸ ಇನ್ನೊಂದು ತೋಳನ್ನು ಎರಡು ಕಡೆ ಕತ್ತರಿಸುತ್ತದೆ, ಶೃಂಗದಿಂದ ಸುಮಾರು 3.9 ಮತ್ತು 9.9 ಸೆಂ.ಮೀ. ದೂರದಲ್ಲಿ. ಕೊಟ್ಟ ಅಳತೆ ಒಂದೇ, ತ್ರಿಭುಜ ಎರಡು. ಎರಡರಲ್ಲೂ ಒಂದೊಂದು ವಿಶಾಲಕೋನ ಇದೆ, ಆದರೆ ಒಂದರಲ್ಲಿ ಅದು ಸುಮಾರು 127 ಡಿಗ್ರಿ, ಇನ್ನೊಂದರಲ್ಲಿ ಸುಮಾರು 97. ಈಗ 5ರ ಬದಲು 4 ಸೆಂ.ಮೀ. ತೆಗೆದುಕೊಂಡರೆ ಕಂಸ ಆ ತೋಳನ್ನು ಬರೀ ಮುಟ್ಟುತ್ತದೆ, ಅಲ್ಲಿ ಲಂಬಕೋನ. ಈ ಮುಟ್ಟುವುದು ಸ್ಪಷ್ಟವಾಗಿ ಕಾಣಬೇಕಾದರೆ ಕೀಲು ಗಟ್ಟಿ ಇರಬೇಕು, ಪೆನ್ಸಿಲ್ ಚೂಪಿರಬೇಕು. ನಮ್ಮ ಕೈವಾರ ಇದರಲ್ಲೂ ಪಾಸಾಗಿದೆ.

ಡಿವೈಡರ್ ಒಳ್ಳೆಯದಿದೆ. ಎರಡು ಬಾಹು ಸಮವೇ ಅಂತ ಅಂಕಿ ಓದದೆಯೇ ನೋಡಲು ಅದಕ್ಕಿಂತ ಬೇರೆ ಬೇಡ. ಸ್ಕೇಲ್‌ನ ಸೊನ್ನೆ ಕಡೆ ಸವೆದಿದೆ, ಹಾಗಾಗಿ 1ರಿಂದ ಅಳೆಯುತ್ತೇವೆ. ಡಬ್ಬಿಯ ಮೂಲೆಗಳಲ್ಲಿ ತುಕ್ಕು ಬಂದಿದೆ, ಮುಚ್ಚಳ ಮಾತ್ರ ಗಟ್ಟಿ. ಬೆಲೆಯ ಬಗ್ಗೆ ಒಂದು ಮಾತು: 2025ರ ಸೆಪ್ಟೆಂಬರ್ 22ರಿಂದ ಜಾಮಿಟ್ರಿ ಬಾಕ್ಸ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಹಳೇ ಬೆಲೆ ಹೇಳಿದರೆ ಕೇಳಿ ನೋಡಿ.

ಒಟ್ಟು 5ಕ್ಕೆ ಮೂರೂವರೆ ಕೊಡುತ್ತೇನೆ. ಕಳೆದ ಅಂಕ ಬಹುಪಾಲು ಕೋನಮಾಪಕಕ್ಕೆ. ಏಳನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಇದನ್ನೇ ಮತ್ತೆ ಕೊಳ್ಳುತ್ತೇನೆ, ಆದರೆ ಕೋನಮಾಪಕ ಬೇರೆ ತರುತ್ತೇನೆ. ಅದು ಬಿಡಿಯಾಗಿಯೂ ಸಿಗುತ್ತದೆ. ಅಂಗಡಿಯವರನ್ನು ಒಂದು ಹಾಳೆ ಕೇಳಿ, ಮಗುಚಿ ಇಟ್ಟು ನೋಡಿಯೇ ತನ್ನಿ.